ಬಾಂಡ್‌ನ ಬಡ್ಡಿದರ ಅಪಾಯ: ಅಳೆಯುವುದು ಹೇಗೆ, ನಿಭಾಯಿಸುವುದು ಹೇಗೆ

2020ರಲ್ಲಿ ಆಸ್ಟ್ರಿಯಾ ಸರ್ಕಾರ ನೂರು ವರ್ಷ ಅವಧಿಯ ಒಂದು ಬಾಂಡ್ ಹೊರಡಿಸಿತು. ಬಾಂಡ್ ಎಂದರೆ ಆಗಾಗ ಬಡ್ಡಿ ಕೊಟ್ಟು, ಅವಧಿ ಮುಗಿದಾಗ ಮುಖಬೆಲೆಯನ್ನು ಮರಳಿಸುವ ಸಾಲಪತ್ರ. ಅದರ ವಾರ್ಷಿಕ ಬಡ್ಡಿ ಶೇ 0.85. 2022ರಲ್ಲಿ ಯುರೋಪಿನ ಬಡ್ಡಿದರಗಳು ಏರತೊಡಗಿದ ಮೇಲೆ ಆ ಬಾಂಡ್‌ನ ಮಾರುಕಟ್ಟೆ ಬೆಲೆ ಮುಖಬೆಲೆಯ ಅರ್ಧಕ್ಕಿಂತಲೂ ಕೆಳಗೆ ಕುಸಿಯಿತು. ಸರ್ಕಾರ ಬಡ್ಡಿ ಕೊಡುವುದನ್ನು ನಿಲ್ಲಿಸಿರಲಿಲ್ಲ, ಸಾಲ ತೀರಿಸುವುದಿಲ್ಲ ಎಂದೂ ಹೇಳಿರಲಿಲ್ಲ. ಬದಲಾದದ್ದು ಬಡ್ಡಿದರ ಮಾತ್ರ.

‘ಸರ್ಕಾರಿ ಬಾಂಡ್, ಭಯವಿಲ್ಲ’ ಎಂದು ನಂಬಿ ಹಣ ತೊಡಗಿಸುವವರು ಮೊದಲು ಅರಿಯಬೇಕಾದ ವಿಷಯ ಇದು. ಸಾಲಗಾರ ಎಷ್ಟೇ ಪ್ರಾಮಾಣಿಕನಾಗಿದ್ದರೂ ಬಾಂಡ್‌ನ ಬೆಲೆ ಏರಿಳಿಯುತ್ತದೆ. ಕಾರಣ ಸರಳ. ನಿಮ್ಮ ಕೈಯಲ್ಲಿರುವ ಬಾಂಡ್ ನೂರಕ್ಕೆ ವರ್ಷಕ್ಕೆ 6 ಬಡ್ಡಿ ಕೊಡುತ್ತದೆ, ಇಂದು ಹೊಸದಾಗಿ ಹೊರಬರುವ ಅಂಥದ್ದೇ ಬಾಂಡ್ 7 ಕೊಡುತ್ತದೆ ಎಂದಿಟ್ಟುಕೊಳ್ಳಿ. ಹಳೆಯದನ್ನು ಪೂರ್ತಿ ಮುಖಬೆಲೆ ಕೊಟ್ಟು ಕೊಳ್ಳುವವರು ಯಾರೂ ಇರುವುದಿಲ್ಲ. ಬೆಲೆ ಇಳಿಸಿದರೆ ಮಾತ್ರ ಮಾರಾಟವಾಗುತ್ತದೆ. ಎಷ್ಟು ಇಳಿಸಬೇಕು ಎಂಬುದಕ್ಕೆ ಲೆಕ್ಕವಿದೆ. ಕಾಗದ, ಪೆನ್ನು, ಒಂದು ಕ್ಯಾಲ್ಕುಲೇಟರ್ ಇದ್ದರೆ ಯಾರು ಬೇಕಾದರೂ ಹಾಕಬಹುದಾದ ಲೆಕ್ಕ ಅದು.

ಮೊದಲು ದಿನಾಂಕ ಬರೆದಿಡಿ

ಲೆಕ್ಕಕ್ಕೆ ಕೂರುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ: ಈ ಹಣ ನನಗೆ ಯಾವಾಗ ಬೇಕು? ‘ಮುಂದೆ ಯಾವಾಗಲಾದರೂ’ ಎಂಬ ಉತ್ತರ ಸಾಲದು. ವರ್ಷ ಬರೆಯಿರಿ, ಸಾಧ್ಯವಾದರೆ ತಿಂಗಳನ್ನೂ ಬರೆಯಿರಿ. ಹಣ ಕಂತುಕಂತಾಗಿ ಬೇಕಿದ್ದರೆ ಪ್ರತಿ ಕಂತಿನ ಮೊತ್ತ ಮತ್ತು ದಿನಾಂಕ ಬರೆಯಿರಿ.

ಬಾಂಡ್ ಕುರಿತ ಹೆಚ್ಚಿನ ಬರಹಗಳು ಈ ಹೆಜ್ಜೆಯನ್ನು ಕೊನೆಗೆ ಇಡುತ್ತವೆ, ಇಲ್ಲವೇ ಬಿಟ್ಟೇಬಿಡುತ್ತವೆ. ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕೂ ಬುನಾದಿ. ಬಡ್ಡಿದರ ಏರಿದರೆ ಬಾಂಡ್‌ನ ಬೆಲೆ ಇಳಿಯುತ್ತದೆ, ಆದರೆ ಬರುವ ಬಡ್ಡಿಯನ್ನು ಹೆಚ್ಚಿನ ದರದಲ್ಲಿ ಮರುಹೂಡಿಕೆ ಮಾಡಬಹುದು. ದರ ಇಳಿದರೆ ಬೆಲೆ ಏರುತ್ತದೆ, ಆದರೆ ಮರುಹೂಡಿಕೆಯ ಆದಾಯ ಸೊರಗುತ್ತದೆ. ತಕ್ಕಡಿಯ ಈ ಎರಡು ತಟ್ಟೆಗಳಲ್ಲಿ ನಿಮ್ಮ ಪಾಲಿಗೆ ಯಾವುದು ಭಾರ ಎಂಬುದನ್ನು ತೀರ್ಮಾನಿಸುವುದು ಆ ದಿನಾಂಕ.

ಡ್ಯುರೇಷನ್ ಲೆಕ್ಕ ಹಾಕಿ

ದರ ಬದಲಾದರೆ ಬೆಲೆ ಎಷ್ಟು ಅಲುಗುತ್ತದೆ ಎಂಬುದನ್ನು ತಿಳಿಸುವ ಅಳತೆ ಡ್ಯುರೇಷನ್. ಒಂದು ಬಾಂಡ್ ತೆಗೆದುಕೊಳ್ಳೋಣ. ಮುಖಬೆಲೆ 100, ವಾರ್ಷಿಕ ಕೂಪನ್ (ಬಾಂಡ್ ಕೊಡುವ ನಿಗದಿತ ಬಡ್ಡಿ) ಶೇ 6, ಅವಧಿ 5 ವರ್ಷ, ಮಾರುಕಟ್ಟೆಯ ಇಳುವರಿಯೂ (ಇಂದಿನ ಬೆಲೆಗೆ ಕೊಂಡವರಿಗೆ ಸಿಗುವ ವಾರ್ಷಿಕ ಆದಾಯದ ದರ) ಶೇ 6. ಲೇಖನದ ಉದ್ದಕ್ಕೂ ಇದೇ ಬಾಂಡ್ ನಮ್ಮ ಜೊತೆಗಿರುತ್ತದೆ.

ಐದು ವರ್ಷಗಳಲ್ಲಿ ಕೈಸೇರುವ ಹಣವನ್ನು ಸಾಲಾಗಿ ಬರೆಯಿರಿ. ಪ್ರತಿ ಕಂತಿನ ಇಂದಿನ ಮೌಲ್ಯ ಕಂಡುಹಿಡಿಯಲು ಅದನ್ನು 1.06ರಿಂದ, ಎಷ್ಟು ವರ್ಷ ಕಾಯಬೇಕೋ ಅಷ್ಟು ಬಾರಿ ಭಾಗಿಸಿ. ಬಳಿಕ ಆ ಮೌಲ್ಯವನ್ನು ಕಾಯುವ ವರ್ಷಗಳಿಂದ ಗುಣಿಸಿ.

1ನೇ ವರ್ಷ: ಬರುವುದು 6, ಇಂದಿನ ಮೌಲ್ಯ 5.66, ಗುಣಲಬ್ಧ 5.66
2ನೇ ವರ್ಷ: ಬರುವುದು 6, ಇಂದಿನ ಮೌಲ್ಯ 5.34, ಗುಣಲಬ್ಧ 10.68
3ನೇ ವರ್ಷ: ಬರುವುದು 6, ಇಂದಿನ ಮೌಲ್ಯ 5.04, ಗುಣಲಬ್ಧ 15.11
4ನೇ ವರ್ಷ: ಬರುವುದು 6, ಇಂದಿನ ಮೌಲ್ಯ 4.75, ಗುಣಲಬ್ಧ 19.01
5ನೇ ವರ್ಷ: ಬರುವುದು 106, ಇಂದಿನ ಮೌಲ್ಯ 79.21, ಗುಣಲಬ್ಧ 396.05

ಇಂದಿನ ಮೌಲ್ಯಗಳ ಮೊತ್ತ 100. ಇದು ಬಾಂಡ್‌ನ ಬೆಲೆ. ಗುಣಲಬ್ಧಗಳ ಮೊತ್ತ 446.51. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 4.47 ವರ್ಷ. 1938ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರೆಡರಿಕ್ ಮೆಕಾಲೆ ಮುಂದಿಟ್ಟ ಅಳತೆ ಇದು, ಹಾಗಾಗಿ ಮೆಕಾಲೆ ಡ್ಯುರೇಷನ್ ಎಂದೇ ಹೆಸರು. ನೀವು ಹಾಕಿದ ಹಣ ಸರಾಸರಿ ಎಷ್ಟು ಕಾಲದಲ್ಲಿ ಮರಳಿ ಬರುತ್ತದೆ ಎಂಬುದನ್ನು, ಪ್ರತಿ ಕಂತಿನ ತೂಕವನ್ನು ಪರಿಗಣಿಸಿ, ಅದು ಹೇಳುತ್ತದೆ. ಬಾಂಡ್ ಮುಗಿಯುವುದು ಐದನೆಯ ವರ್ಷದಲ್ಲಾದರೂ ನಡುನಡುವೆ ಬಡ್ಡಿ ಬರುತ್ತಿರುವುದರಿಂದ ಸರಾಸರಿ ಐದಕ್ಕಿಂತ ಕಡಿಮೆ.

ಈ 4.47ನ್ನು 1.06ರಿಂದ ಭಾಗಿಸಿ: 4.21. ಇದು ಮಾಡಿಫೈಡ್ ಡ್ಯುರೇಷನ್. ಇಳುವರಿ ಶೇ 6ರಿಂದ ಶೇ 7ಕ್ಕೆ ಏರಿದರೆ ಬೆಲೆ ಸುಮಾರು ಶೇ 4.21ರಷ್ಟು ಇಳಿಯುತ್ತದೆ, ಶೇ 5ಕ್ಕೆ ಇಳಿದರೆ ಸುಮಾರು ಅಷ್ಟೇ ಏರುತ್ತದೆ ಎಂಬುದು ಇದರ ಅರ್ಥ. ಬಡ್ಡಿ ಆರು ತಿಂಗಳಿಗೊಮ್ಮೆ ಬರುವ ಬಾಂಡ್ ಆದರೆ ಭಾಜಕದಲ್ಲಿ ಅರ್ಧ ಇಳುವರಿ ಬಳಸಿ, ಅಂದರೆ 1.06ರ ಬದಲು 1.03. ಎಕ್ಸೆಲ್‌ನಲ್ಲಿ ಎರಡೂ ಬಗೆಯ ಡ್ಯುರೇಷನ್‌ಗೆ ಸಿದ್ಧ ಸೂತ್ರಗಳಿವೆ. ಆದರೂ ಮೊದಲ ಸಲ ಕೈಯಾರೆ ಹಾಕಿ ನೋಡಿ ಎಂದು ಒತ್ತಾಯಿಸುತ್ತೇನೆ. 446ರಲ್ಲಿ 396 ಕೊನೆಯ ಒಂದೇ ಕಂತಿನಿಂದ ಬಂದದ್ದನ್ನು ಕಣ್ಣಾರೆ ಕಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಕೂಪನ್ ಹೆಚ್ಚಿದ್ದರೆ ಮುಂಚಿನ ಕಂತುಗಳ ತೂಕ ಹೆಚ್ಚಿ ಡ್ಯುರೇಷನ್ ಕುಗ್ಗುತ್ತದೆ. ಕೂಪನ್ ಕಡಿಮೆಯಾದರೆ ಹಿಗ್ಗುತ್ತದೆ. ಕೂಪನ್ನೇ ಇಲ್ಲದ ಜೀರೊ ಕೂಪನ್ ಬಾಂಡ್‌ಗೆ ಮೆಕಾಲೆ ಡ್ಯುರೇಷನ್ ಎಂದರೆ ಅದರ ಪೂರ್ಣ ಅವಧಿಯೇ. ನೂರು ವರ್ಷದ ಅವಧಿ, ಶೇ 0.85 ಕೂಪನ್ ಎರಡೂ ಒಂದೇ ಕಡೆ ಸೇರಿದಾಗ ಆಸ್ಟ್ರಿಯಾದ ಬಾಂಡ್‌ಗೆ ಏನಾಯಿತೋ ಅದಕ್ಕೆ ಕಾರಣ ಇಲ್ಲೇ ಇದೆ.

ಲೆಕ್ಕವನ್ನು ಬೆಲೆಯಿಂದಲೇ ಪರೀಕ್ಷಿಸಿ

ಸೂತ್ರದ ಮೇಲೆ ಭಾರ ಹಾಕಿ ಸುಮ್ಮನಾಗಬೇಡಿ. ಅದೇ ಬಾಂಡ್‌ಗೆ ಶೇ 7ರಲ್ಲಿ, ಶೇ 5ರಲ್ಲಿ ಬೆಲೆ ಕಟ್ಟಿ. ಶೇ 7ರಲ್ಲಿ 95.90, ಶೇ 5ರಲ್ಲಿ 104.33. ಎರಡರ ನಡುವಿನ ಅಂತರ 8.43, ಅದರ ಅರ್ಧ 4.21. ಸೂತ್ರ ಕೊಟ್ಟ ಅಂಕಿಯೇ ಬಂತು.

ಈ ‘ಮೂರು ಬೆಲೆ’ ವಿಧಾನ ಕೇವಲ ಪರೀಕ್ಷೆಗಲ್ಲ. ಕೆಲವು ಬಾಂಡ್‌ಗಳಿಗೆ ಇದೊಂದೇ ದಾರಿ. ಅವಧಿಗೆ ಮುಂಚೆಯೇ ಹಣ ಹಿಂದಿರುಗಿಸುವ ಹಕ್ಕನ್ನು ಸಾಲಗಾರ ಉಳಿಸಿಕೊಂಡಿರುವ ಕಾಲಬಲ್ ಬಾಂಡ್‌ಗಳಲ್ಲಿ ದರ ಬದಲಾದಂತೆ ಬರುವ ಹಣದ ದಿನಾಂಕವೂ ಬದಲಾಗುತ್ತದೆ. ಮೇಲಿನ ಪಟ್ಟಿ ಅಲ್ಲಿ ನಿಲ್ಲುವುದಿಲ್ಲ. ದರ ಇಳಿದಾಗ ಸಾಲಗಾರ ಹಳೆಯ ದುಬಾರಿ ಸಾಲ ತೀರಿಸಿ ಹೊಸ ಅಗ್ಗದ ಸಾಲ ಪಡೆಯುತ್ತಾನೆ. ಹಾಗಾಗಿ ಬೆಲೆ ಒಂದು ಮಟ್ಟದಿಂದ ಮೇಲೇರಲು ಒದ್ದಾಡುತ್ತದೆ, ಇಳಿಯುವಾಗ ಮಾತ್ರ ತಡೆಯಿಲ್ಲ. ಇಂಥ ಬಾಂಡ್‌ಗಳಿಗೆ ದರ ಏರಿದರೆ ಎಷ್ಟು ನಷ್ಟ, ಇಳಿದರೆ ಎಷ್ಟು ಲಾಭ ಎಂದು ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ. ಸರಾಸರಿ ತೆಗೆದರೆ ನಿಮಗೆ ನೀವೇ ಮೋಸ ಮಾಡಿಕೊಂಡಂತೆ.

ದೀರ್ಘಾವಧಿ ಬಾಂಡ್ ಇದ್ದರೆ ಕಾನ್ವೆಕ್ಸಿಟಿಯನ್ನೂ ನೋಡಿ

ಡ್ಯುರೇಷನ್ ಬೆಲೆಯ ಬದಲಾವಣೆಯನ್ನು ನೇರ ಗೆರೆಯೆಂದು ಭಾವಿಸುತ್ತದೆ. ನಿಜವಾದ ಬೆಲೆ ಬಾಗಿದ ಗೆರೆಯಲ್ಲಿ ಸಾಗುತ್ತದೆ. ಈ ಬಾಗುವಿಕೆಯ ಅಳತೆಯೇ ಕಾನ್ವೆಕ್ಸಿಟಿ. ಐದು ವರ್ಷದ ಬಾಂಡ್‌ನಲ್ಲಿ ವ್ಯತ್ಯಾಸ ಅಲ್ಪ. ಮೂವತ್ತು ವರ್ಷದ, ಶೇ 6 ಕೂಪನ್‌ನ ಬಾಂಡ್ ತೆಗೆದುಕೊಳ್ಳಿ. ಅದರ ಮಾಡಿಫೈಡ್ ಡ್ಯುರೇಷನ್ 13.76. ಇಳುವರಿ ಶೇ 6ರಿಂದ ಶೇ 8ಕ್ಕೆ ಏರಿದರೆ ಡ್ಯುರೇಷನ್ ಪ್ರಕಾರ ಶೇ 27.5ರಷ್ಟು ನಷ್ಟವಾಗಬೇಕು. ನಿಜವಾಗಿ ಆಗುವುದು ಶೇ 22.5. ಶೇ 4ಕ್ಕೆ ಇಳಿದರೆ ಲಾಭ ಶೇ 27.5 ಅಲ್ಲ, ಶೇ 34.6. ನಷ್ಟ ಅಂದಾಜಿಗಿಂತ ಕಡಿಮೆ, ಲಾಭ ಅಂದಾಜಿಗಿಂತ ಹೆಚ್ಚು. ಬಾಗಿದ ಗೆರೆ ಸಾಮಾನ್ಯ ಬಾಂಡ್ ಇಟ್ಟುಕೊಂಡವರ ಪರವಾಗಿ ಕೆಲಸ ಮಾಡುತ್ತದೆ. ಕಾಲಬಲ್ ಬಾಂಡ್‌ನಲ್ಲಿ ಗೆರೆ ತದ್ವಿರುದ್ಧವಾಗಿ ಬಾಗುತ್ತದೆ.

ಕಾನ್ವೆಕ್ಸಿಟಿ ಅಳೆಯುವುದಕ್ಕೂ ಮೂರು ಬೆಲೆಗಳು ಸಾಕು. ನಮ್ಮ ಐದು ವರ್ಷದ ಬಾಂಡ್‌ಗೆ 104.33 ಮತ್ತು 95.90 ಕೂಡಿಸಿ, 100ರ ಎರಡು ಪಟ್ಟು ಕಳೆಯಿರಿ. ಉಳಿಯುವುದು 0.23. ಇದರ ಅರ್ಧ, ಅಂದರೆ ಸುಮಾರು 0.115, ದರ ಶೇ 1ರಷ್ಟು ಬದಲಾದಾಗ ಡ್ಯುರೇಷನ್ ಅಂದಾಜಿಗೆ ಸೇರಿಸಬೇಕಾದ ತಿದ್ದುಪಡಿ. 4.21 ನಷ್ಟದಿಂದ ಅದನ್ನು ಕಳೆದರೆ 4.10. ಮೇಲೆ ಕಂಡ 95.90ಕ್ಕೆ ಸರಿಯಾಗಿ ಕೂರುತ್ತದೆ. ದರದ ಬದಲಾವಣೆ ಇಮ್ಮಡಿಯಾದರೆ ಈ ತಿದ್ದುಪಡಿ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ನೆನಪಿಡಿ.

ಶೇಕಡಾವಾರು ಲೆಕ್ಕವನ್ನು ಹಣಕ್ಕೆ ಇಳಿಸಿ

ಶೇ 4.21 ಎಂದರೆ ಮನಸ್ಸಿಗೆ ತಟ್ಟುವುದಿಲ್ಲ. ಹಣವಾಗಿ ಕಂಡರೆ ತಟ್ಟುತ್ತದೆ. ಬಡ್ಡಿದರದ ಅತಿ ಸಣ್ಣ ಅಳತೆ ಬೇಸಿಸ್ ಪಾಯಿಂಟ್, ಶೇಕಡಾ ಒಂದರ ನೂರನೆಯ ಒಂದು ಭಾಗ. ನಿಮ್ಮ ಹೂಡಿಕೆಯ ಮಾರುಕಟ್ಟೆ ಮೌಲ್ಯವನ್ನು ಮಾಡಿಫೈಡ್ ಡ್ಯುರೇಷನ್‌ನಿಂದ ಗುಣಿಸಿ, 10,000ದಿಂದ ಭಾಗಿಸಿ. ಮೌಲ್ಯ 10 ಲಕ್ಷ, ಡ್ಯುರೇಷನ್ 4.21 ಆದರೆ ಉತ್ತರ 421. ಇದೇ ಬೇಸಿಸ್ ಪಾಯಿಂಟ್ ಮೌಲ್ಯ. ದರ ಒಂದು ಬೇಸಿಸ್ ಪಾಯಿಂಟ್ ಏರಿದಾಗಲೆಲ್ಲ ನಿಮ್ಮ ಗಂಟಿನಿಂದ 421 ಕರಗುತ್ತದೆ. 50 ಬೇಸಿಸ್ ಪಾಯಿಂಟ್ ಏರಿದರೆ ಸುಮಾರು 21,000.

ಹಲವು ಬಾಂಡ್‌ಗಳಿದ್ದರೆ ಒಂದೊಂದರ ಈ ಅಂಕಿಯನ್ನೂ ತೆಗೆದು ಕೂಡಿಸಿ. ಖರೀದಿ ಬೆಲೆಯನ್ನು ಬಳಸಬೇಡಿ, ಇಂದಿನ ಮಾರುಕಟ್ಟೆ ಬೆಲೆಯನ್ನೇ ಬಳಸಿ. ಕೂಡಿಸಿ ನೋಡಿದಾಗ ಮೊತ್ತದಲ್ಲಿ ಚಿಕ್ಕದಾದ ಒಂದು ದೀರ್ಘಾವಧಿ ಬಾಂಡ್ ಇಡೀ ಅಪಾಯದ ಅರ್ಧಕ್ಕಿಂತ ಹೆಚ್ಚನ್ನು ಹೊತ್ತಿರುವುದು ಅನೇಕ ಬಾರಿ ಬೆಳಕಿಗೆ ಬರುತ್ತದೆ. ಮೂವತ್ತು ವರ್ಷದ ಬಾಂಡ್‌ನಲ್ಲಿ 3 ಲಕ್ಷ ಇದ್ದರೆ ಅದರ ಅಂಕಿ 413. ಐದು ವರ್ಷದ ಬಾಂಡ್‌ನಲ್ಲಿರುವ 10 ಲಕ್ಷಕ್ಕೆ ಅದು ಹೆಚ್ಚುಕಡಿಮೆ ಸಮ.

ಡ್ಯುರೇಷನ್ ಮತ್ತು ದಿನಾಂಕವನ್ನು ಅಕ್ಕಪಕ್ಕ ಇಡಿ

ಈಗ ಮೊದಲ ಹಾಳೆಯಲ್ಲಿ ಬರೆದಿಟ್ಟ ದಿನಾಂಕಕ್ಕೆ ಮರಳಿ ಬನ್ನಿ. ಈ ಲೇಖನ ಬರೆಯಲು ನಾನು ಕುಳಿತದ್ದೇ ಈ ಭಾಗಕ್ಕಾಗಿ.

ನಮ್ಮ ಐದು ವರ್ಷದ ಬಾಂಡ್‌ಗೆ 100 ಕೊಟ್ಟಿದ್ದೀರಿ. ಕೊಂಡ ಮರುಕ್ಷಣವೇ ದರ ಬದಲಾಯಿತು, ಬಳಿಕ ಅಲ್ಲೇ ನಿಂತಿತು, ಬಂದ ಬಡ್ಡಿಯನ್ನೆಲ್ಲ ಹೊಸ ದರದಲ್ಲೇ ಮರುಹೂಡಿಕೆ ಮಾಡಿದಿರಿ ಎಂದುಕೊಳ್ಳೋಣ.

ಹಣ ಒಂದೇ ವರ್ಷಕ್ಕೆ ಬೇಕಿದ್ದರೆ: ದರ ಶೇ 5 ಆದಾಗ ನಿಮ್ಮ ಬಳಿ 109.55 ಇರುತ್ತದೆ, ಶೇ 6ರಲ್ಲೇ ಉಳಿದರೆ 106, ಶೇ 7 ಆದರೆ 102.61. ದರ ಏರಿಕೆಯೇ ನಿಮ್ಮ ಶತ್ರು.

ಹಣ ಹತ್ತು ವರ್ಷದ ನಂತರ ಬೇಕು, ಬಾಂಡ್ ಮುಗಿದ ಮೇಲೂ ಹೂಡಿಕೆ ಮುಂದುವರಿಸುತ್ತೀರಿ ಎಂದಾದರೆ: ಶೇ 5ರಲ್ಲಿ 169.94, ಶೇ 6ರಲ್ಲಿ 179.08, ಶೇ 7ರಲ್ಲಿ 188.65. ಅದೇ ಬಾಂಡ್, ಅದೇ ಏರಿಕೆ. ಈಗ ಏರಿಕೆ ನಿಮ್ಮ ಮಿತ್ರ, ಇಳಿಕೆ ಶತ್ರು.

ಹಣ 4.47 ವರ್ಷಕ್ಕೆ ಬೇಕಿದ್ದರೆ? ಶೇ 5ರಲ್ಲಿ 129.72. ಶೇ 6ರಲ್ಲಿ 129.72. ಶೇ 7ರಲ್ಲಿಯೂ 129.72.

ಬೆಲೆಯಲ್ಲಿ ಕಳೆದುಕೊಂಡದ್ದನ್ನು ಮರುಹೂಡಿಕೆ ತುಂಬಿಕೊಡುತ್ತದೆ, ಮರುಹೂಡಿಕೆಯಲ್ಲಿ ಕಳೆದದ್ದನ್ನು ಬೆಲೆ ತುಂಬಿಕೊಡುತ್ತದೆ. ಎರಡು ತಟ್ಟೆಗಳೂ ಸಮತೂಗುವ ಬಿಂದು ಮೆಕಾಲೆ ಡ್ಯುರೇಷನ್. ಬ್ರಿಟಿಷ್ ವಿಮಾಗಣಕ (ವಿಮೆಯ ಲೆಕ್ಕಾಚಾರದ ತಜ್ಞ) ಫ್ರಾಂಕ್ ರೆಡಿಂಗ್ಟನ್ 1952ರಲ್ಲಿ ಇದನ್ನು ವಿಮಾ ಕಂಪನಿಗಳ ಹೊಣೆಗಾರಿಕೆಗೆ ಅನ್ವಯಿಸಿ ‘ಇಮ್ಯುನೈಸೇಷನ್’ ಎಂದು ಕರೆದರು, ರೋಗನಿರೋಧಕ ಶಕ್ತಿ ತುಂಬುವುದು ಎಂಬ ಅರ್ಥದಲ್ಲಿ.

ಹಾಗಾಗಿ ‘ಡ್ಯುರೇಷನ್ ಕಡಿಮೆ ಇದ್ದಷ್ಟೂ ಸುರಕ್ಷಿತ’ ಎಂಬ ಮಾತನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಹದಿನೈದು ವರ್ಷದ ನಂತರ ಬೇಕಾದ ಹಣವನ್ನು ಆರು ತಿಂಗಳ ಬಾಂಡ್‌ಗಳಲ್ಲಿ ಉರುಳಿಸುತ್ತಾ ಹೋಗುವವರೂ ಬಡ್ಡಿದರ ಅಪಾಯವನ್ನು ಹೊತ್ತಿದ್ದಾರೆ. ಅವರ ನಷ್ಟ ಬೆಲೆಪಟ್ಟಿಯಲ್ಲಿ ಕಾಣುವುದಿಲ್ಲ, ಅಷ್ಟೇ. ನಿಮ್ಮ ಹಾಳೆಯಲ್ಲಿ ಒಂದು ವ್ಯವಕಲನ ಮಾಡಿ: ಹೂಡಿಕೆಯ ಮೆಕಾಲೆ ಡ್ಯುರೇಷನ್‌ನಿಂದ, ಹಣ ಬೇಕಾಗುವವರೆಗಿನ ವರ್ಷಗಳನ್ನು ಕಳೆಯಿರಿ. ಉತ್ತರ ಧನ ಸಂಖ್ಯೆಯಾದರೆ ದರ ಏರಿಕೆ ನಿಮ್ಮನ್ನು ಬಾಧಿಸುತ್ತದೆ. ಋಣ ಸಂಖ್ಯೆಯಾದರೆ ಇಳಿಕೆ ಬಾಧಿಸುತ್ತದೆ. ಸೊನ್ನೆಗೆ ಹತ್ತಿರವಿದ್ದರೆ ದರದ ಸುದ್ದಿಗೆ ನಿದ್ದೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಒಮ್ಮೆ ಹೊಂದಿಸಿದರೆ ಸಾಲದು

ಒಂದು ವರ್ಷ ಕಳೆದಾಗ ನಿಮ್ಮ ದಿನಾಂಕ ಒಂದು ವರ್ಷ ಹತ್ತಿರ ಬರುತ್ತದೆ: 4.47 ಇದ್ದದ್ದು 3.47 ಆಗುತ್ತದೆ. ಬಾಂಡ್‌ನ ಡ್ಯುರೇಷನ್ ಅಷ್ಟು ಬೇಗ ಇಳಿಯುವುದಿಲ್ಲ. ನಾಲ್ಕು ವರ್ಷ ಬಾಕಿ ಇರುವ ಅದೇ ಬಾಂಡ್‌ನ ಡ್ಯುರೇಷನ್ ಶೇ 6ರ ಇಳುವರಿಯಲ್ಲಿ 3.67. ದರ ಅಲುಗದೆಯೇ 0.2 ವರ್ಷದ ಬಿರುಕು ಮೂಡಿತು. ಅದನ್ನು ಮುಚ್ಚಲು ಸುಲಭದ ದಾರಿ, ಬಂದ ಕೂಪನ್ ಹಣವನ್ನು ಅಲ್ಪಾವಧಿ ಬಾಂಡ್‌ಗೆ ಹಾಕುವುದು. ಸಣ್ಣ ಮೊತ್ತಕ್ಕೆ ವರ್ಷಕ್ಕೊಮ್ಮೆ ಹೊಂದಿಸಿದರೆ ಸಾಕು. ಪದೇ ಪದೇ ಮಾರಿ ಕೊಳ್ಳುವ ಖರ್ಚು ಬಿರುಕಿಗಿಂತ ದುಬಾರಿಯಾಗಬಾರದು.

ಇನ್ನೊಂದು ತೊಡಕು: ಮೇಲಿನ ಲೆಕ್ಕವೆಲ್ಲ ಎಲ್ಲ ಅವಧಿಯ ದರಗಳೂ ಒಟ್ಟಿಗೆ, ಒಂದೇ ಪ್ರಮಾಣದಲ್ಲಿ ಬದಲಾಗುತ್ತವೆ ಎಂದು ಭಾವಿಸಿದೆ. ಮಾರುಕಟ್ಟೆ ಹಾಗೆ ನಡೆಯುವುದಿಲ್ಲ. ಹತ್ತು ವರ್ಷದ ಒಂದೇ ಬಾಂಡ್ ಇಟ್ಟುಕೊಂಡವರ ಮಾಡಿಫೈಡ್ ಡ್ಯುರೇಷನ್ 7.36. ಶೇ 54ರಷ್ಟನ್ನು ಎರಡು ವರ್ಷದ ಬಾಂಡ್‌ನಲ್ಲಿ, ಶೇ 46ರಷ್ಟನ್ನು ಮೂವತ್ತು ವರ್ಷದ ಬಾಂಡ್‌ನಲ್ಲಿ ಇಟ್ಟವರದ್ದೂ ಹೆಚ್ಚುಕಡಿಮೆ ಅಷ್ಟೇ. ಮೂವತ್ತು ವರ್ಷದ ದರ ಮಾತ್ರ ಶೇ 6ರಿಂದ ಶೇ 7ಕ್ಕೆ ಏರಿ ಉಳಿದವು ಕದಲದಿದ್ದರೆ ಮೊದಲಿನವರಿಗೆ ನಷ್ಟವೇ ಇಲ್ಲ. ಎರಡನೆಯವರಿಗೆ ಶೇ 5.7ರಷ್ಟು ನಷ್ಟ. ಅದಕ್ಕೇ ಒಟ್ಟು ಡ್ಯುರೇಷನ್ ಜೊತೆಗೆ, ಬೇಸಿಸ್ ಪಾಯಿಂಟ್ ಮೌಲ್ಯವನ್ನು ಎರಡು, ಐದು, ಹತ್ತು, ಮೂವತ್ತು ವರ್ಷ ಎಂದು ಬೇರೆ ಬೇರೆ ಕಂಬಗಳಲ್ಲಿ ಬರೆಯಿರಿ. ವೃತ್ತಿಪರರು ಬಳಸುವ ‘ಕೀ ರೇಟ್ ಡ್ಯುರೇಷನ್’ ಇದೇ ಯೋಚನೆಯ ನಿಖರ ರೂಪ.

ಅಪಾಯ ತಗ್ಗಿಸುವ ದಾರಿಗಳು

ದಿನಾಂಕ ಮತ್ತು ಮೊತ್ತ ಎರಡೂ ಖಚಿತವಾಗಿದ್ದರೆ ಆ ದಿನಾಂಕಕ್ಕೇ ಮುಗಿಯುವ ಜೀರೊ ಕೂಪನ್ ಬಾಂಡ್‌ಗಿಂತ ಒಳ್ಳೆಯ ದಾರಿ ನನಗೆ ತಿಳಿದಿಲ್ಲ. ನಾಲ್ಕು ವರ್ಷಕ್ಕೆ 10 ಲಕ್ಷ ಬೇಕು, ದರ ಶೇ 6. ಇಂದು 7,92,094 ಹಾಕಿದರೆ ಮುಗಿಯಿತು. ನಡುವೆ ಕೂಪನ್ ಇಲ್ಲದ್ದರಿಂದ ಮರುಹೂಡಿಕೆಯ ಚಿಂತೆ ಇಲ್ಲ, ಹೊಂದಿಸುವ ಕೆಲಸವೂ ಇಲ್ಲ. ಸಾಲಗಾರ ಹಣ ಕೊಡುತ್ತಾನೆಯೇ ಎಂಬುದೊಂದೇ ಪ್ರಶ್ನೆ ಉಳಿಯುತ್ತದೆ.

ದಿನಾಂಕ ಖಚಿತವಿಲ್ಲದಿದ್ದರೆ ಏಣಿ ಕಟ್ಟಿ. ಹಣವನ್ನು ಐದು ಸಮಪಾಲು ಮಾಡಿ ಒಂದರಿಂದ ಐದು ವರ್ಷದವರೆಗಿನ ಬಾಂಡ್‌ಗಳಿಗೆ ಹಂಚಿ. ಶೇ 6ರ ದರದಲ್ಲಿ ಈ ಏಣಿಯ ಮಾಡಿಫೈಡ್ ಡ್ಯುರೇಷನ್ 2.63. ಪ್ರತಿ ವರ್ಷ ಒಂದು ಪಾಲು ಕೈಗೆ ಬರುತ್ತದೆ. ಬೇಕಿದ್ದರೆ ಬಳಸಬಹುದು, ಬೇಡವಾದರೆ ಅಂದಿನ ದರದಲ್ಲಿ ಐದು ವರ್ಷದ ಬಾಂಡ್ ಕೊಳ್ಳಬಹುದು. ದರ ಏರಿದರೂ ಇಳಿದರೂ ಒಮ್ಮೆಗೆ ಐದನೆಯ ಒಂದು ಭಾಗ ಮಾತ್ರ ಹೊಸ ದರಕ್ಕೆ ಒಡ್ಡಿಕೊಳ್ಳುತ್ತದೆ. ಬಡ್ಡಿದರದ ಭವಿಷ್ಯ ಊಹಿಸುವ ಹಂಗೇ ಇಲ್ಲ ಎಂಬುದು ಏಣಿಯ ದೊಡ್ಡ ಗುಣ.

ಬಡ್ಡಿ ಆರು ತಿಂಗಳಿಗೊಮ್ಮೆ ಮಾರುಕಟ್ಟೆ ದರಕ್ಕೆ ತಕ್ಕಂತೆ ಬದಲಾಗುವ ಫ್ಲೋಟಿಂಗ್ ದರದ ಬಾಂಡ್‌ಗಳಲ್ಲಿ ಡ್ಯುರೇಷನ್ ಮುಂದಿನ ಬದಲಾವಣೆಯ ದಿನದವರೆಗಿನ ಕಾಲಕ್ಕೆ ಸಮ, ಅಂದರೆ ಹೆಚ್ಚೆಂದರೆ ಅರ್ಧ ವರ್ಷ. ಸಾಲಗಾರನ ವಿಶ್ವಾಸಾರ್ಹತೆ ಕುಗ್ಗಿದರೆ ಅವುಗಳ ಬೆಲೆಯೂ ಬೀಳುತ್ತದೆ. ಆ ಅಪಾಯ ಬೇರೆ, ಅದನ್ನು ಬೇರೆಯಾಗಿಯೇ ಅಳೆಯಬೇಕು.

ಬಾಂಡ್ ಮಾರದೆಯೇ ಡ್ಯುರೇಷನ್ ತಗ್ಗಿಸಬೇಕಾದ ದೊಡ್ಡ ಸಂಸ್ಥೆಗಳಿಗೆ ಫ್ಯೂಚರ್ಸ್ (ಮುಂದಿನ ದಿನಾಂಕದ ವ್ಯವಹಾರಕ್ಕೆ ಇಂದೇ ಬೆಲೆ ನಿಗದಿಪಡಿಸುವ ಒಪ್ಪಂದ) ಮತ್ತು ಬಡ್ಡಿದರ ಸ್ವಾಪ್ (ಬಡ್ಡಿ ಪಾವತಿಗಳನ್ನು ಅದಲುಬದಲು ಮಾಡಿಕೊಳ್ಳುವ ಒಪ್ಪಂದ) ಇವೆ. ಫ್ಯೂಚರ್ಸ್ ಲೆಕ್ಕ ಹೀಗೆ: 10 ಲಕ್ಷದ ಹತ್ತು ವರ್ಷದ ಬಾಂಡ್‌ಗಳ ಬೇಸಿಸ್ ಪಾಯಿಂಟ್ ಮೌಲ್ಯ 736. ಅದನ್ನು 421ಕ್ಕೆ ಇಳಿಸಬೇಕು. ವ್ಯತ್ಯಾಸ 315. ಒಂದು ಫ್ಯೂಚರ್ಸ್ ಒಪ್ಪಂದದ ಬೇಸಿಸ್ ಪಾಯಿಂಟ್ ಮೌಲ್ಯ 45 ಆಗಿದ್ದರೆ ಏಳು ಒಪ್ಪಂದ ಮಾರಬೇಕು. ಸ್ವಾಪ್‌ನಲ್ಲಿ ಸ್ಥಿರ ದರ ಕೊಟ್ಟು ಬದಲಾಗುವ ದರ ಪಡೆಯುವ ಒಪ್ಪಂದ ಮಾಡಿಕೊಂಡರೆ ಫಲಿತಾಂಶ ಅದೇ.

ಈ ಸಾಧನಗಳಿಗೆ ಒಂದು ಬೆಲೆ ಇದೆ. ಮಾರುಕಟ್ಟೆ ಎದುರು ದಿಕ್ಕಿಗೆ ಹೋದ ದಿನವೇ ಮಾರ್ಜಿನ್ ಹಣ, ಅಂದರೆ ನಷ್ಟಕ್ಕೆ ಭದ್ರತೆಯಾಗಿ ಇಡುವ ಮೊತ್ತ, ಕಟ್ಟಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್‌ನ ಪಿಂಚಣಿ ನಿಧಿಗಳು ಇದನ್ನು ಅನುಭವಿಸಿದವು. ಅವುಗಳ ದೀರ್ಘಾವಧಿ ಹೊಣೆಗಾರಿಕೆಗೆ ಹೊಂದುವಂತೆ ಡ್ಯುರೇಷನ್ ಜೋಡಿಸಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಸಾಲ ಮತ್ತು ಸ್ವಾಪ್‌ಗಳ ಮೂಲಕ ಜೋಡಿಸಲಾಗಿತ್ತು. ಸರ್ಕಾರಿ ಬಾಂಡ್ ಇಳುವರಿ ಕೆಲವೇ ದಿನಗಳಲ್ಲಿ ಜಿಗಿದಾಗ ಮಾರ್ಜಿನ್ ಕಟ್ಟಲು ಬಾಂಡ್‌ಗಳನ್ನೇ ಮಾರಬೇಕಾಯಿತು, ಆ ಮಾರಾಟ ಇಳುವರಿಯನ್ನು ಇನ್ನಷ್ಟು ಏರಿಸಿತು. ಸೆಪ್ಟೆಂಬರ್ 28ರಂದು ಬ್ಯಾಂಕ್ ಆಫ್ ಇಂಗ್ಲೆಂಡ್ ತಾನೇ ದೀರ್ಘಾವಧಿ ಬಾಂಡ್ ಕೊಳ್ಳಲು ಇಳಿಯಬೇಕಾಯಿತು. ಸಾಲ ಮಾಡಿ ಬಾಂಡ್ ಕೊಂಡರೆ ಸ್ವಂತ ಹಣದ ಮೇಲಿನ ಡ್ಯುರೇಷನ್ ಅಷ್ಟು ಪಟ್ಟು ಹೆಚ್ಚುತ್ತದೆ ಎಂಬುದಕ್ಕೆ ಇನ್ನೂ ಹಳೆಯ ಸಾಕ್ಷಿ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ. ಸುಮಾರು 750 ಕೋಟಿ ಡಾಲರ್ ನಿಧಿಯನ್ನು ಸಾಲದ ಬಲದಿಂದ 2,000 ಕೋಟಿ ಡಾಲರ್‌ಗೂ ಮೀರಿ ಹಿಗ್ಗಿಸಿದ್ದ ಅದು, ದರಗಳು ಏರಿದ 1994ರ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು.

‘ಕೊನೆಯವರೆಗೂ ಇಟ್ಟುಕೊಳ್ಳುತ್ತೇನೆ’ ಎನ್ನುವವರಿಗೆ

ಅವಧಿ ಮುಗಿಯುವವರೆಗೆ ಮಾರುವುದೇ ಇಲ್ಲ, ನಡುವಿನ ಬೆಲೆ ನನಗೇಕೆ ಎಂಬ ವಾದ ಕಿವಿಗೆ ಇಂಪಾಗಿದೆ. ಅದು ನಿಜವಾಗುವುದು ಒಂದೇ ಸಂದರ್ಭದಲ್ಲಿ: ಬಾಂಡ್ ಮುಗಿಯುವ ಮೊದಲು ಹಣ ಬೇಕಾಗುವುದಿಲ್ಲ ಎಂಬುದು ನಿಮ್ಮ ಕೈಯಲ್ಲಿದ್ದಾಗ.

ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ತನ್ನ ಬಾಂಡ್‌ಗಳಲ್ಲಿ ದೊಡ್ಡ ಪಾಲನ್ನು ‘ಕೊನೆಯವರೆಗೆ ಇಟ್ಟುಕೊಳ್ಳುವವು’ ಎಂಬ ಲೆಕ್ಕದಲ್ಲಿ ತೋರಿಸಿತ್ತು. ಆ ಶೀರ್ಷಿಕೆಯಡಿ ಬರೆದ ಬಾಂಡ್‌ಗಳ ಬೆಲೆ ಇಳಿದರೂ ಲಾಭ ನಷ್ಟದ ಪಟ್ಟಿಯಲ್ಲಿ ಕಾಣುವುದಿಲ್ಲ. ಅಮೆರಿಕದ ಕೇಂದ್ರ ಬ್ಯಾಂಕ್ 2022ರ ಮಾರ್ಚ್‌ನಿಂದ ದರ ಏರಿಸುತ್ತಾ ಹೋಯಿತು. ಈ ಬ್ಯಾಂಕ್ ತನಗಿದ್ದ ಬಡ್ಡಿದರ ರಕ್ಷಣೆಯ ಒಪ್ಪಂದಗಳನ್ನೂ ತೆಗೆದುಹಾಕಿತು. ಠೇವಣಿದಾರರು ಹಣ ಕೇಳಿದಾಗ ‘ಕೊನೆಯವರೆಗೆ’ ಎಂಬ ಮಾತಿಗೆ ಅರ್ಥ ಉಳಿಯಲಿಲ್ಲ. 2023ರ ಮಾರ್ಚ್ 8ರಂದು ‘ಮಾರಬಹುದಾದವು’ ಎಂಬ ಬೇರೆ ಲೆಕ್ಕದಲ್ಲಿದ್ದ ಸುಮಾರು 2,100 ಕೋಟಿ ಡಾಲರ್ ಮೌಲ್ಯದ ಬಾಂಡ್ ಮಾರಿ 180 ಕೋಟಿ ಡಾಲರ್ ನಷ್ಟವಾಗಿದೆ ಎಂದು ಪ್ರಕಟಿಸಿತು. ಮಾರ್ಚ್ 10ರಂದು ಬ್ಯಾಂಕ್ ಮುಚ್ಚಿತು. ಬಾಂಡ್‌ಗಳ ಡ್ಯುರೇಷನ್ ಎಷ್ಟೆಂಬುದು ಅವರಿಗೆ ಗೊತ್ತಿತ್ತು. ಯಾವ ದಿನವಾದರೂ ಹಿಂದಿರುಗಿಸಬೇಕಾದ ಠೇವಣಿಯ ಎದುರು ಅದನ್ನು ಇಟ್ಟು ತೂಗಲಿಲ್ಲ.

ಬಾಂಡ್ ಫಂಡ್‌ಗಳಲ್ಲಿ ಹಣ ಇಟ್ಟವರು

ಫಂಡ್‌ಗೆ ಅವಧಿ ಮುಕ್ತಾಯ ಎಂಬುದಿಲ್ಲ. ಒಂದು ಬಾಂಡ್ ಹಳೆಯದಾದರೆ ವ್ಯವಸ್ಥಾಪಕರು ಹೊಸದನ್ನು ಕೊಂಡು ಡ್ಯುರೇಷನ್ ಅನ್ನು ಸರಿಸುಮಾರು ಅದೇ ಮಟ್ಟದಲ್ಲಿ ಕಾಯ್ದುಕೊಳ್ಳುತ್ತಾರೆ. ನಿಮ್ಮ ದಿನಾಂಕ ಹತ್ತಿರವಾಗುತ್ತಾ ಬರುತ್ತದೆ, ಫಂಡ್‌ನ ಡ್ಯುರೇಷನ್ ಇದ್ದಲ್ಲೇ ಇರುತ್ತದೆ. ಆದ್ದರಿಂದ ಹಣ ಬೇಕಾಗುವ ದಿನ ಸಮೀಪಿಸಿದಂತೆ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಡ್ಯುರೇಷನ್‌ನ ಫಂಡ್‌ಗೆ ವರ್ಗಾಯಿಸುವ ಹೊಣೆ ನಿಮ್ಮದೇ. ಫಂಡ್‌ನ ಮಾಹಿತಿ ಪತ್ರದಲ್ಲಿ ಮಾಡಿಫೈಡ್ ಡ್ಯುರೇಷನ್ ಮತ್ತು ಇಳುವರಿ ಎರಡನ್ನೂ ಸಾಮಾನ್ಯವಾಗಿ ಮುದ್ರಿಸಿರುತ್ತಾರೆ. ಹಿಂದಿನ ವರ್ಷದ ಲಾಭಕ್ಕಿಂತ ಮೊದಲು ಅವನ್ನು ಓದಿ.

ತಾಳಿಕೆಯನ್ನು ಬರೆದಿಡಿ

ಕೊನೆಯದಾಗಿ ಹಾಳೆಗೆ ಸೇರಿಸಬೇಕಾದದ್ದು, ಒಂದು ವರ್ಷದ ಬಡ್ಡಿ ಆದಾಯವನ್ನೆಲ್ಲ ನುಂಗಿಹಾಕಲು ದರ ಎಷ್ಟು ಏರಬೇಕು ಎಂಬ ಅಂಕಿ. ಇದೇ ಬಾಂಡ್‌ನ ತಾಳಿಕೆ. ನಮ್ಮ ಐದು ವರ್ಷದ ಬಾಂಡ್ ಒಂದು ವರ್ಷದ ಬಳಿಕ 94ಕ್ಕೆ ಇಳಿದರೆ ಬಂದ 6 ಬಡ್ಡಿ ನಷ್ಟಕ್ಕೆ ಸರಿಹೋಗುತ್ತದೆ. ಅಲ್ಲಿಗೆ ತಲುಪಲು ಇಳುವರಿ ಸುಮಾರು 180 ಬೇಸಿಸ್ ಪಾಯಿಂಟ್ ಏರಬೇಕು. ಮೂವತ್ತು ವರ್ಷದ ಬಾಂಡ್‌ಗೆ ಕೇವಲ 46 ಸಾಕು. ಇಳುವರಿಯನ್ನು ವರ್ಷಾಂತ್ಯದ ಮಾಡಿಫೈಡ್ ಡ್ಯುರೇಷನ್‌ನಿಂದ ಭಾಗಿಸಿದರೆ ಇದರ ಹತ್ತಿರದ ಅಂದಾಜು ಸಿಗುತ್ತದೆ. ದೀರ್ಘಾವಧಿ ಬಾಂಡ್ ಅರ್ಧ ಶೇಕಡಾ ಹೆಚ್ಚು ಬಡ್ಡಿ ಕೊಡುತ್ತದೆ ಎಂದು ಯಾರಾದರೂ ಹೇಳಿದಾಗ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಮೂರು ತಿಂಗಳಿಗೊಮ್ಮೆ ಹಾಳೆ ತೆರೆದು ಬೆಲೆ, ಡ್ಯುರೇಷನ್, ಬೇಸಿಸ್ ಪಾಯಿಂಟ್ ಮೌಲ್ಯ, ದಿನಾಂಕದೊಂದಿಗಿನ ವ್ಯತ್ಯಾಸ, ತಾಳಿಕೆ ಎಲ್ಲವನ್ನೂ ಹೊಸದಾಗಿ ಬರೆಯಿರಿ. ಹಣ ಬೇಕಾಗುವ ದಿನವೇ ಹಿಂದೆ ಮುಂದೆ ಸರಿದರೆ ಮೂರು ತಿಂಗಳು ಕಾಯದೆ ಅಂದೇ ಬರೆಯಿರಿ, ಮಾರುಕಟ್ಟೆಯಲ್ಲಿ ದರ ಒಂದಿಷ್ಟೂ ಕದಲದಿದ್ದರೂ ನಿಮ್ಮ ಅಪಾಯ ಆ ದಿನ ಬದಲಾಗಿರುತ್ತದೆ.